ಕಪ್ಪನ್ನು ಸೆರೆಹಿಡಿಯುವ ಕಸುಬು

ಕಪ್ಪು ನೀಹಾರಿಕೆಯ ಬೆನ್ನು ಹತ್ತಿದವರು ಸ್ವಂತ ವೀಕ್ಷಣಾಲಯದ ಚಾವಣಿ ಸರಿಸುವುದು ಅಮಾವಾಸ್ಯೆಯ ಆಸುಪಾಸಿನಲ್ಲೇ. ಆ ನೀಹಾರಿಕೆ ತಾನಾಗಿ ಬೆಳಗುವುದಿಲ್ಲ. ಹಿಂದಿನ ನಕ್ಷತ್ರಗಳನ್ನು ಮರೆಮಾಡುವ ತಣ್ಣನೆಯ ಧೂಳು.

ಸೊನ್ನೆಗಿಂತ ಕೆಳಗೆ ತಂಪಾಗಿಸಿದ ಕ್ಯಾಮೆರಾದಲ್ಲಿ ತೆಗೆದ ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಅಂಚಿನ ಮಂಕನ್ನು, ಗಾಜಿನ ಮೇಲಿನ ಕಲೆಗಳನ್ನು ಸಮಬೆಳಕಿನಲ್ಲಿ ತೆಗೆದ ‘ಫ್ಲಾಟ್’ ಚಿತ್ರಗಳು ಸರಿಪಡಿಸುತ್ತವೆ. ನಾಜೂಕು ಇರುವುದು ಮುಂದೆ: ಊರದೀಪಗಳ ಮಬ್ಬನ್ನು ಕಳೆಯುವಾಗ ಕೈ ತುಸು ಹೆಚ್ಚಾದರೂ ಧೂಳಿನ ತೆಳುಗಂದು ಎಳೆಗಳು ಅಳಿಸಿಹೋಗುತ್ತವೆ.

ಈ ಕಸುಬಿನ ಹಿರಿಯರು ಅಮೆರಿಕದ ಎಡ್ವರ್ಡ್ ಎಮರ್ಸನ್ ಬರ್ನಾರ್ಡ್. ಬಾಲ್ಯದಲ್ಲಿ ನ್ಯಾಶ್‌ವಿಲ್‌ನ ಫೋಟೊ ಸ್ಟುಡಿಯೋದಲ್ಲಿ ಬಿಸಿಲಿನಿಂದ ಚಿತ್ರ ಹಿಗ್ಗಿಸುವ ಎನ್‌ಲಾರ್ಜರನ್ನು ಸೂರ್ಯ ಸರಿದತ್ತ ತಿರುಗಿಸುತ್ತಿದ್ದ ಕೈಗಳೇ 1905ರಲ್ಲಿ ಮೌಂಟ್ ವಿಲ್ಸನ್ ಮೇಲೆ ಗಂಟೆಗಟ್ಟಲೆ ದೂರದರ್ಶಕವನ್ನು ನಕ್ಷತ್ರದಿಂದ ಕದಲದಂತೆ ಹಿಡಿದವು. 1919ರಲ್ಲಿ ಅವರು 182 ಕಪ್ಪು ಗುರುತುಗಳನ್ನು ಪಟ್ಟಿಮಾಡಿದರು. ಓರಿಯನ್ ನಕ್ಷತ್ರಪುಂಜದ ಕುದುರೆತಲೆ ನೀಹಾರಿಕೆ ಅದರಲ್ಲಿ 33ನೆಯದು.