ತಾರಸಿಯ ಮಳೆ: ಗುಣದೋಷ ವಿಚಾರ

ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದ ದಿಣ್ಣೆಯ ಮೇಲೆ, ಹೆಸರಿಸಬಹುದಾದ ಜೀವನದಿಯೊಂದೂ ಬಳಿಯಲ್ಲಿ ಹರಿಯದ ತಾಣದಲ್ಲಿ ಬೆಳೆದು ನಿಂತ ಬೆಂಗಳೂರು ನಗರವು ತನ್ನ ದಾಹಕ್ಕೆ ಪರಸ್ಥಳದ ನೀರನ್ನು ಅರಸಿ ಹೊರಟು ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಊರೊಳಗಿನ ಕೆರೆಗಳು ಸಾಲದಾದಾಗ 1890ರ ದಶಕದಲ್ಲಿ ಹೆಸರಘಟ್ಟಕ್ಕೆ, ಅದೂ ಸಾಲದಾದಾಗ 1930ರ ದಶಕದಲ್ಲಿ ಅರ್ಕಾವತಿ ಕುಮುದ್ವತಿಗಳು ಕೂಡುವ ತಿಪ್ಪಗೊಂಡನಹಳ್ಳಿಗೆ, ಕೊನೆಗೆ 1974ರಲ್ಲಿ ಕಾವೇರಿಗೆ ಅದು ಕೈಚಾಚಿತು. ಕಾವೇರಿಯೇನೋ ಉದಾರಿ; ಆದರೆ ತೊರೆಕಾಡನಹಳ್ಳಿಯಿಂದ ನಗರದವರೆಗಿನ ಸುಮಾರು 100 ಕಿಲೋಮೀಟರು ದಾರಿಯಲ್ಲಿ ಆಕೆಯನ್ನು ಮೂರು ಹಂತಗಳಲ್ಲಿ ಹತ್ತಿರ ಹತ್ತಿರ 500 ಮೀಟರು ಎತ್ತರಕ್ಕೆ ಏರಿಸಿ ಕರೆತರಬೇಕು. ಸಾವಿರ ಲೀಟರು ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಗುರುತ್ವಕ್ಕೆ ಸಲ್ಲಿಸಲೇಬೇಕಾದ ಕಪ್ಪವೇ 1.36 ಯೂನಿಟ್ ವಿದ್ಯುತ್ತು. ಕೊಳವೆಯೊಳಗಿನ ಘರ್ಷಣೆ, ಪಂಪಿನ ನಷ್ಟ, ದಾರಿಯ ಸೋರಿಕೆ ಇವೆಲ್ಲ ಅದರ ಮೇಲಿನವು. ಸ್ನಾನದ ಮನೆಯಲ್ಲಿ ನಲ್ಲಿಯನ್ನು ತೆರೆದಿಟ್ಟು ಮುಖಕ್ಕೆ ಸೋಪು ಹಚ್ಚುವ ನಾಗರಿಕನು ನೀರಿನ ಜೊತೆಯಲ್ಲಿ ಏನನ್ನು ಚರಂಡಿಗೆ ಬಿಡುತ್ತಿರುವನೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಇತ್ತ ಅದೇ ದಿಣ್ಣೆಯ ಮೇಲೆ, ಯಾವ ಪಂಪಿನ ಹಂಗೂ ಇಲ್ಲದೆ, ವರುಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅದೂ ಒಂದೇ ಋತುವಿನಲ್ಲಿ ಬಂದು ಮುಗಿದುಹೋಗುವ ಮಳೆಯಲ್ಲ. ಭರಣಿ ಕೃತ್ತಿಕೆಗಳ ಗುಡುಗಿನೊಡನೆ ಮೊದಲಾಗಿ, ನಡುವೆ ಮುಂಗಾರಿನ ಸೋನೆಯಾಗಿ ಇಳಿಮುಖಗೊಂಡು, ಹಸ್ತ ಚಿತ್ತೆಗಳಲ್ಲಿ ಮತ್ತೆ ರಭಸವನ್ನು ಪಡೆದು, ಸ್ವಾತಿಯವರೆಗೂ ನಡೆಯುವ ಮಳೆ. 100 ಚದರ ಮೀಟರಿನ ತಾರಸಿಯೊಂದರ ಮೇಲೆ ವರುಷಕ್ಕೆ ಬೀಳುವ ನೀರು 97,000 ಲೀಟರು. ಆವಿಯಾಗಿ, ಸಿಡಿದು, ಮೊದಲ ಕೊಳೆಯೊಡನೆ ಹರಿದುಹೋಗುವ ಪಾಲನ್ನು ಕಳೆದರೂ 80,000 ಲೀಟರಿಗೆ ಮೋಸವಿಲ್ಲ. ತಲೆಗೆ ದಿನಕ್ಕೆ 135 ಲೀಟರೆಂಬ ನಗರದ ಮಾನದಂಡವನ್ನು ಹಿಡಿದರೆ, ನಾಲ್ವರ ಸಂಸಾರಕ್ಕೆ ಇದು ಸುಮಾರು ಐದು ತಿಂಗಳ ನೀರು. ಈ ಸರಳ ಗಣಿತವನ್ನು ಕಂಡೇ 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯಿದೆಗೆ ತಿದ್ದುಪಡಿ ತಂದು, 60x40 ಅಡಿಯ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿನ ಹಳೆಯ ಕಟ್ಟಡಗಳಿಗೂ, 30x40 ಅಡಿಯ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಲ್ಲಿ ಕಟ್ಟುವ ಹೊಸ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿದರು. ಜಯನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಉದ್ಯಾನವೊಂದನ್ನು ನಿರ್ಮಿಸಿ, ಕೊಯ್ಲಿನ ಮಾದರಿಗಳನ್ನು ಜನರು ಕಣ್ಣಾರೆ ನೋಡುವಂತೆ ಮಾಡಿದ್ದೂ ಆಯಿತು.

ಇಂತಹ ಆಚರಣೆಯೊಂದನ್ನು ವಿಮರ್ಶಿಸುವಾಗ ಎಷ್ಟು ಮನೆಗಳಲ್ಲಿ ಕೊಳವೆ ಇಳಿಬಿದ್ದಿದೆ, ಎಷ್ಟು ಗುಂಡಿಗಳು ತೋಡಲ್ಪಟ್ಟಿವೆ ಎಂದು ಎಣಿಸುವುದು ಸುಲಭ. ಅಧಿಕಾರಿಗಳು ಎಣಿಸುವುದೂ ಅದನ್ನೇ. ಗೃಹಕೃತ್ಯಕ್ಕೆ ಸೇರಿದ ವಿಷಯದಲ್ಲಿ ನಾನು ಕೇಳುವ ಪ್ರಶ್ನೆ ಬೇರೆ: ಮಳೆ ಬರುವ ಸೂಚನೆ ಕಂಡಾಗ ಆ ಮನೆಯವರು ಯಾರಾದರೂ ತಾರಸಿಯನ್ನು ನೆನೆಯುವರೇ? ನೆನೆಯುವರಾದರೆ ಆ ಕೊಯ್ಲು ಸಜೀವ. ಇಲ್ಲವಾದರೆ ಎಷ್ಟೇ ಶಾಸ್ತ್ರೋಕ್ತವಾಗಿ ಕಟ್ಟಿದ್ದರೂ ಅದು ನಕ್ಷೆ ಮಂಜೂರಾತಿಗೆ ಬೇಕಾಗಿದ್ದ ಒಂದು ಅಲಂಕಾರ.

ಈ ಒರೆಗಲ್ಲಿಗೆ ಕಾನೂನನ್ನೇ ಮೊದಲು ಹಚ್ಚಿ ನೋಡೋಣ. ಮೊದಲ ನಿಯಮಾವಳಿಯು ಛಾವಣಿಯ ಚದರ ಮೀಟರೊಂದಕ್ಕೆ 20 ಲೀಟರಿನಷ್ಟು ಅವಕಾಶವನ್ನು, ಸಂಗ್ರಹಕ್ಕಾಗಲಿ ಇಂಗಿಸುವುದಕ್ಕಾಗಲಿ, ಕಲ್ಪಿಸಬೇಕೆಂದು ವಿಧಿಸಿತು. ಮುಂದೆ ಇದನ್ನು 60 ಲೀಟರಿಗೆ ಏರಿಸಿದ್ದುಂಟು. 20 ಲೀಟರೆಂದರೆ 20 ಮಿಲಿಮೀಟರು ಮಳೆ. ಸೆಪ್ಟೆಂಬರಿನ ಒಂದು ಸಂಜೆಯ ಜಡಿಮಳೆಗೆ ಅದು ಅರ್ಧಕ್ಕೂ ಸಾಲದು. ನಾವು ಹೇಳಿದ 100 ಚದರ ಮೀಟರಿನ ಮನೆಗೆ ಇದರಿಂದ ದೊರೆಯುವ ತೊಟ್ಟಿ 2,000 ಲೀಟರಿನದು, ಎಂದರೆ ನಾಲ್ಕು ದಿನಗಳೂ ತುಂಬದ ನೀರು. ಇಂಗುಗುಂಡಿಗೆ ಈ ಅಳತೆ ಅಷ್ಟೇನೂ ಅನುಚಿತವಲ್ಲ, ಏಕೆಂದರೆ ಒಂದು ಮಳೆಗೂ ಇನ್ನೊಂದು ಮಳೆಗೂ ನಡುವೆ ಗುಂಡಿ ತಾನಾಗಿ ಬರಿದಾಗುತ್ತದೆ. ಆದರೆ ಕೂಡಿಡುವವನಿಗೂ ಇಂಗಿಸುವವನಿಗೂ ಒಂದೇ ಅಳತೆಗೋಲನ್ನು ಕೊಟ್ಟ ಕಾನೂನು, ಇವೆರಡೂ ಮನುಷ್ಯಸ್ವಭಾವದ ಎರಡು ಬೇರೆ ಬೇರೆ ತಂತಿಗಳನ್ನು ಮೀಟುವಂಥವೆಂಬುದನ್ನು ಗಮನಿಸಲಿಲ್ಲವೆಂದು ತೋರುತ್ತದೆ.

ಕೂಡಿಡುವವನ ಶ್ರೇಷ್ಠ ನಿದರ್ಶನ ಬೆಂಗಳೂರಿನ ವಿಜಯನಗರ ಬಡಾವಣೆಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ದೀರ್ಘಕಾಲ ದುಡಿದ ಎ.ಆರ್. ಶಿವಕುಮಾರರು 1995ರಲ್ಲಿ ತಾವು ಕಟ್ಟಿಸಿದ ‘ಸೌರಭ’ ಎಂಬ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ, ಮಳೆಯೊಂದನ್ನೇ ನಂಬಿ ಸಂಸಾರ ನಡೆಸಿ ತೋರಿಸಿದರು. ಅವರ ಸಾಹಸದಲ್ಲಿ ನನಗೆ ಮೆಚ್ಚುಗೆಯಾಗುವುದು ಸಾಹಸಕ್ಕಿಂತ ಅದರ ಹಿಂದಿನ ಲೆಕ್ಕಾಚಾರ. ಅನೇಕ ದಶಕಗಳ ಮಳೆಯ ದಾಖಲೆಯನ್ನು ಶೋಧಿಸಿ, ಎರಡು ಒಳ್ಳೆಯ ಮಳೆಗಳ ನಡುವಿನ ಅಂತರ ಹೆಚ್ಚೆಂದರೆ ಸುಮಾರು ನೂರು ದಿನವೆಂದು ಕಂಡುಕೊಂಡು, ಮನೆಯ ದಿನದ ಬಳಕೆ ಸುಮಾರು 400 ಲೀಟರೆಂದು ಗೊತ್ತುಮಾಡಿ, ಅಷ್ಟಕ್ಕೆ ತಕ್ಕಷ್ಟೇ ತೊಟ್ಟಿಗಳನ್ನು ಅವರು ಕಟ್ಟಿಸಿದರು. ಮಳೆ ಎಷ್ಟು ಬೀಳುತ್ತದೆಂಬುದು ಇಲ್ಲಿ ಗೌಣ. ಮಳೆ ಎಷ್ಟು ದಿನ ಬಾರದಿರುತ್ತದೆಂಬುದೇ ಮುಖ್ಯ. ನಮ್ಮ ಸರ್ಕಾರಿ ಅಂದಾಜುಪಟ್ಟಿಗಳಲ್ಲಿ ಈ ವಿವೇಕ ಅಪರೂಪ. ಅವರು ಶೋಧಿಸಿದ, ಮಳೆಗೊಳವೆಗೆ ಜೋಡಿಸುವ ‘ಪಾಪ್‌ಅಪ್’ ಸೋಸುಕವು ಎಲೆ ಕಸ ಕಟ್ಟಿಕೊಂಡಾಗ ಮೇಲೆದ್ದು ನೀರಿಗೆ ದಾರಿ ಬಿಡುತ್ತದೆ. ಬಿಚ್ಚಿ ತೊಳೆಯುವುದು ಯಾರಿಗೂ ಕಷ್ಟವಲ್ಲ. ಕುಡಿಯುವ ನೀರೇ ತಾರಸಿಯಿಂದ ಇಳಿಯುವುದಾದಾಗ, ಅಲ್ಲಿ ಪಾರಿವಾಳ ಕೂತರೂ ಮನೆಯವರಿಗೆ ಸಹಿಸದು. ಆಸ್ಥೆಯನ್ನು ಇಲ್ಲಿ ಯಾರೂ ಬೋಧಿಸಬೇಕಾಗಿಲ್ಲ. ಅದು ಬಾಯಾರಿಕೆಯಿಂದಲೇ ಹುಟ್ಟುತ್ತದೆ.

ಇಷ್ಟಾದರೂ ಈ ಮಾದರಿಯನ್ನು ಎಲ್ಲರಿಗೂ ವಿಧಿಸಲಾರೆವು. 40,000 ಲೀಟರಿಗೂ ಮಿಗಿಲಾದ ತೊಟ್ಟಿಗೆ ನೆಲವೂ ಬೇಕು, ಹಣವೂ ಬೇಕು. ಅದಕ್ಕಿಂತ ಮೊದಲು, ಮನೆ ಕಟ್ಟುವ ಮುನ್ನವೇ ನೀರನ್ನು ಕುರಿತು ಯೋಚಿಸುವ ಯಜಮಾನ ಬೇಕು. ಆದುದರಿಂದ ಬಹುಮಂದಿ ಆರಿಸಿಕೊಂಡದ್ದು ಇಂಗುಗುಂಡಿಯನ್ನು. ಗೇಟಿನ ಪಕ್ಕದಲ್ಲಿ ಒಂದು ಗುಂಡಿ, ಅದಕ್ಕಿಷ್ಟು ಜಲ್ಲಿ, ಮರಳು, ಇದ್ದಿಲು, ಮೇಲೊಂದು ಕಾಂಕ್ರೀಟಿನ ಮುಚ್ಚಳ. ಮುಚ್ಚಳ ಬಿದ್ದ ಮೇಲೆ ಅದರ ಮೇಲೆ ಕಾರು ನಿಲ್ಲುತ್ತದೆ. ಆ ಗುಂಡಿ ನೀರನ್ನು ಕುಡಿಯುತ್ತಿದೆಯೋ ಇಲ್ಲವೋ, ಹೂಳು ಕಟ್ಟಿ ಅದರ ಉಸಿರು ನಿಂತು ಎಷ್ಟು ಮಳೆಗಾಲವಾಯಿತೋ, ಮನೆಯೊಡೆಯನಿಗೆ ತಿಳಿಯುವ ಮಾರ್ಗವೇ ಇಲ್ಲ. ತಿಳಿದರೂ ಅವನಿಗೇನು? ಇಂಗಿದ ನೀರು ನೆಲದಡಿಯ ಶಿಲೆಯ ಬಿರುಕುಗಳಲ್ಲಿ ಹರಿದು ಯಾರ ಕೊಳವೆಬಾವಿಯಲ್ಲಿ ಮೇಲೇಳುವುದೋ! ಲಾಲ್‌ಬಾಗಿನ ಬಂಡೆಯನ್ನು ನೋಡಿದವರಿಗೆ ಈ ಊರಿನ ಅಡಿಗಲ್ಲು ಎಂಥ ಪುರಾತನ ಕಗ್ಗಲ್ಲೆಂಬುದನ್ನು ವಿವರಿಸಬೇಕಾಗಿಲ್ಲ. ಅಂಥ ಕಲ್ಲಿನೊಳಗೆ ನೀರಿನ ನಡೆ ಮಾಲೀಕನ ಬೇಲಿಯನ್ನು ಬಲ್ಲುದೆ? ಪರೋಪಕಾರವು ದೊಡ್ಡ ಗುಣವೇ ಸರಿ. ಆದರೆ ಕಣ್ಣಿಗೆ ಕಾಣದ, ಯಾರಿಗೆ ಸಂದಿತೆಂದು ಗೊತ್ತಾಗದ, ವರುಷಕ್ಕೊಮ್ಮೆ ಹೂಳೆತ್ತಿಸಿ ಕೂಲಿ ತೆರಬೇಕಾದ ಪರೋಪಕಾರವನ್ನು ಕಾನೂನಿನ ಬಲದಿಂದ ಲಕ್ಷಾಂತರ ಮಂದಿಯ ಕೈಯಲ್ಲಿ ಮಾಡಿಸುವೆವೆಂಬುದು ಅತಿಯಾದ ಆಶಾವಾದ. ಇದರ ಫಲವೂ ಕಣ್ಣಮುಂದಿದೆ. ವಾಸದ ಮನೆಗಳ ನೀರಿನ ಬಿಲ್ಲಿನ ಮೇಲೆ ಅರ್ಧಪಾಲಿನವರೆಗೆ ಏರುವ ದಂಡವನ್ನು ಗೊತ್ತುಮಾಡಿದರೆ, ಅದನ್ನು ಕೇಬಲ್ಲಿನ ಬಾಡಿಗೆಯಂತೆ ತಿಂಗಳು ತಿಂಗಳೂ ಕಟ್ಟಿ ನಿಶ್ಚಿಂತರಾಗಿರುವವರಿದ್ದಾರೆ. ಇನ್ನು ಕೆಲವರಂತೂ ತಾರಸಿಯ ಕೊಳವೆಯನ್ನು ಒಳಚರಂಡಿಗೇ ತಿರುಗಿಸಿಬಿಟ್ಟಿರುತ್ತಾರೆ. ಜೋರು ಮಳೆಯಲ್ಲಿ ತಗ್ಗಿನ ಬಡಾವಣೆಗಳ ಮ್ಯಾನ್‌ಹೋಲುಗಳು ಉಕ್ಕಿ ಬೀದಿಗೆ ಬರುವ ಗಲೀಜಿನಲ್ಲಿ ಅವರ ಮನೆಯ ಮಳೆನೀರಿನ ಪಾಲೂ ಇರುತ್ತದೆ.

ತೊಟ್ಟಿಗೂ ಗುಂಡಿಗೂ ನಡುವೆ ಮೂರನೆಯದೊಂದುಂಟು, ಅದು ತೆರೆದ ಬಾವಿ. ಬೆಂಗಳೂರಿನ ಸುತ್ತಲೂ ಕುಲವೃತ್ತಿಯಾಗಿ ಬಾವಿ ತೋಡಿಕೊಂಡು ಬಂದ ಮಣ್ಣು ಒಡ್ಡರು, ಕೊಳವೆಬಾವಿಯ ಯಂತ್ರ ಬಂದ ಮೇಲೆ ಕೆಲಸವಿಲ್ಲದೆ ಕೈಕಟ್ಟಿ ಕುಳಿತಿದ್ದವರು, ಈ ಒಂದೂವರೆ ದಶಕದಲ್ಲಿ ಮತ್ತೆ ಗುದ್ದಲಿ ಹಿಡಿದಿದ್ದಾರೆ. ಜಲತಜ್ಞ ಎಸ್. ವಿಶ್ವನಾಥರು ಮತ್ತು ಅವರ ಸಂಗಡಿಗರು ‘ಹತ್ತು ಲಕ್ಷ ಬಾವಿ’ಗಳೆಂಬ ಹಂಬಲವನ್ನು ಮುಂದಿಟ್ಟು ಇವರಿಗೆ ಕೆಲಸವನ್ನೂ ಗೌರವವನ್ನೂ ಒದಗಿಸಿದರು, ಕಬ್ಬನ್ ಉದ್ಯಾನದಲ್ಲಿ ಹೂತುಹೋಗಿದ್ದ ಹಳೆಯ ಬಾವಿಗಳ ಹೂಳನ್ನು ತೆಗೆದು ಮತ್ತೆ ನೀರು ಕಾಣುವಂತೆ ಮಾಡಿದ ಕೈಗಳೂ ಇವರವೇ. ಮೂರಡಿ ಅಗಲದಲ್ಲಿ ಇಪ್ಪತ್ತು ಮೂವತ್ತು ಅಡಿ ತೋಡಿ, ಸಿಮೆಂಟಿನ ಬಳೆಗಳನ್ನು ಇಳಿಬಿಟ್ಟು ಕಟ್ಟುವ ಈ ಬಾವಿಯು ಮಳೆಯನ್ನು ಮೇಲುಪದರದ ಮಣ್ಣಿಗೆ ಇಂಗಿಸುತ್ತದೆ. ಪದರ ತುಂಬಿದಲ್ಲಿ ನೀರನ್ನು ಹಿಂದಕ್ಕೂ ಕೊಡುತ್ತದೆ. ನನ್ನ ಮಟ್ಟಿಗೆ ಇದರ ಹೆಚ್ಚುಗಾರಿಕೆಯಿರುವುದು ಬಗ್ಗಿ ನೋಡಿದರೆ ನೀರಿನ ಮಟ್ಟ ಕಾಣುತ್ತದೆಂಬುದರಲ್ಲಿ. ಊರ ಸೊತ್ತಾದ ಅಂತರ್ಜಲವು ಒಂದು ಮನೆಯ ಅಂಗಳದಲ್ಲಿ ದೃಗ್ಗೋಚರವಾಗುತ್ತದೆ. ಈ ವರುಷ ಎರಡಡಿ ಇಳಿಯಿತು, ಉತ್ತರೆ ಮಳೆಗೆ ನಾಲ್ಕಡಿ ಏರಿತು ಎಂದು ನೆರೆಹೊರೆಯವರು ಮಾತನಾಡಿಕೊಳ್ಳುವುದಕ್ಕೆ ಒಂದು ಆಧಾರ ದೊರೆಯುತ್ತದೆ. ಮುಚ್ಚಿದ ಗುಂಡಿಯಿಂದ ಅಂಥ ಮಾತು ಎಂದೂ ಹುಟ್ಟಲಾರದು. ಇಂಗಿಸುವವನಿಗೆ ಕೂಡಿಡುವವನ ಆಸ್ಥೆಯನ್ನು ಬಾವಿ ತಂದುಕೊಡುತ್ತದೆಯಾದುದರಿಂದ ಈ ಮೂರರಲ್ಲಿ ನಾನು ಅದಕ್ಕೇ ಮೊದಲ ಸ್ಥಾನವನ್ನು ಕೊಡುವೆನು.

ದೋಷಗಳಿಲ್ಲವೆಂದಲ್ಲ. ಒಳಚರಂಡಿ ಸೋರುವ ಬೀದಿಯಲ್ಲಿ ಮೇಲುಪದರದ ನೀರು ಕುಡಿಯಲು ಯೋಗ್ಯವಾಗಿರದು. ಬಟ್ಟೆಗೆ, ಗಿಡಕ್ಕೆ, ಶೌಚಕ್ಕೆ ಮಾತ್ರ ಅದು. ತಾರಸಿಯ ಮೊದಲ ಮಳೆಯನ್ನು ಹೊರಗೆ ಬಿಡದೆ ನೇರವಾಗಿ ಕೊಳವೆಬಾವಿಗೇ ಇಳಿಬಿಡುವ ಆತುರವಂತೂ ಅಪಾಯಕರ, ಅಷ್ಟು ಆಳಕ್ಕೆ ಇಳಿದ ಕೊಳೆಯನ್ನು ಮೇಲೆತ್ತುವ ಉಪಾಯವಿಲ್ಲ. ಆಸ್ಥೆಯಿಲ್ಲದೆಡೆ ಏನಾಗುವುದೆಂಬುದಕ್ಕೆ ನಗರದಾಚೆಯ ಸಾಕ್ಷಿಯೂ ಉಂಟು: ರಾಜ್ಯದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಗ್ರಾಮೀಣ ಶಾಲೆಗಳ ಛಾವಣಿಗಳಿಗೆ ಕೊಳವೆ ಜೋಡಿಸಿ ತೊಟ್ಟಿ ಕಟ್ಟಿದ ‘ಸುವರ್ಣ ಜಲ’ ಯೋಜನೆಯು ಉದ್ದೇಶದಲ್ಲಿ ನಿರ್ದುಷ್ಟವಾಗಿದ್ದರೂ, ಹಲವೆಡೆ ತೊಟ್ಟಿ ತೊಳೆಯುವವರಾರು, ಮುರಿದ ನಲ್ಲಿಗೆ ಹಣ ಕೊಡುವವರಾರು ಎಂಬುದು ನಿಶ್ಚಯವಾಗದೆ ನಿರುಪಯುಕ್ತವಾಯಿತು.

2024ರ ಬೇಸಗೆಯಲ್ಲಿ ಸರ್ಕಾರದ ಲೆಕ್ಕದಂತೆಯೇ ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದಾಗ, ಕಾರು ತೊಳೆಯಲು ಕುಡಿಯುವ ನೀರನ್ನು ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಸಾರಿದರು. ಹೋಟೆಲು, ಕಚೇರಿ ಮೊದಲಾದವುಗಳ ನಲ್ಲಿಗಳಿಗೆ ಏರೇಟರ್ ಹಾಕಬೇಕೆಂದೂ ವಿಧಿಸಿದರು. ಗಾಳಿಯನ್ನು ಬೆರೆಸಿ ಧಾರೆಯನ್ನು ತೆಳುವಾಗಿಸುವ ಆ ಪುಟ್ಟ ಬಿಲ್ಲೆಯನ್ನು ಹೀನೈಸಲಾರೆ. ಒಮ್ಮೆ ತಿರುಗಿಸಿ ಕೂರಿಸಿದರೆ ಯಾರ ಸದ್ಗುಣವನ್ನೂ ಬೇಡದೆ ಅದು ತನ್ನ ಕೆಲಸವನ್ನು ಮಾಡುತ್ತದೆ, ಉದಾಸೀನನೂ ಅದರಿಂದ ಮಿತವ್ಯಯಿಯಾಗುತ್ತಾನೆ. ಮಳೆಕೊಯ್ಲಿಗೆ ಈ ಸೌಲಭ್ಯವಿಲ್ಲ, ಅದಕ್ಕೆ ಮನುಷ್ಯನ ಗಮನ ಬೇಕು. ನಿಯಮ ಮಾಡುವವರು ಎರಡನ್ನೂ ಒಂದೇ ಬಗೆಯ ಆಜ್ಞೆಯಿಂದ ನಡೆಸಲು ಹೊರಟದ್ದು ಈ ಆಚರಣೆಗೆ ತಟ್ಟಿದ ಮುಖ್ಯ ದೋಷ.

ಇನ್ನೊಂದು ಕೊರತೆಯನ್ನು ಹೇಳಬೇಕು. ಟ್ಯಾಂಕರಿಗಾಗಿ ಬೇಸಗೆಯಲ್ಲಿ ಕೊಡಗಳನ್ನು ಸಾಲಿಟ್ಟು ನಿಲ್ಲುವವರು ಬಹುಮಟ್ಟಿಗೆ 60x40ರ ಮನೆಗಳವರಲ್ಲ. 20x30 ಅಡಿಯ ನಿವೇಶನದಲ್ಲಿ ಒಂದರ ಮೇಲೊಂದು ಮಹಡಿ ಏರಿಸಿದ ಮನೆಗಳ ಬಾಡಿಗೆದಾರರು. ಆ 600 ಚದರ ಅಡಿಯ ನಿವೇಶನ ಕಾನೂನಿನ ದೃಷ್ಟಿಗೇ ಬೀಳದು. ಅಲ್ಲಿ ಬಾವಿಗೆ ನೆಲವಿಲ್ಲ, ತೊಟ್ಟಿಗೆ ಹಣವಿಲ್ಲ, ತಾರಸಿಯ ಬೀಗದ ಕೈ ಮಾಲೀಕನ ಬಳಿ. ಮಳೆಗೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಕೆಳಗೆ 200 ಲೀಟರಿನ ನೀಲಿ ಡ್ರಮ್ಮೊಂದನ್ನು ಇಟ್ಟರೆ 50 ಚದರ ಮೀಟರು ತಾರಸಿಯಲ್ಲಿ ಐದು ಮಿಲಿಮೀಟರು ಮಳೆಗೇ ಅದು ತುಂಬುತ್ತದೆ. ವರುಷದಲ್ಲಿ ನಲವತ್ತು ಸಲ ತುಂಬಿ ಬರಿದಾದರೆ 8,000 ಲೀಟರು, ಎರಡು ಸಣ್ಣ ಟ್ಯಾಂಕರಿನ ನೀರು, ಡ್ರಮ್ಮಿನ ಬೆಲೆಯೊಂದರಲ್ಲೇ. ಮಳೆ ಬರುವ ಮುನ್ನ ತಾರಸಿಯನ್ನು ಗುಡಿಸಿ ಬರುವ ಹುಡುಗನೊಬ್ಬ ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ಇರುತ್ತಾನೆ, ಬೀಗದ ಕೈ ಮಾತ್ರ ಅವನಿಗೆ ಸಿಗಬೇಕು. ಜಲಮಂಡಳಿಯ ನಿಯಮಾವಳಿಯಲ್ಲಿ ಮಾಲೀಕನಿಗೆ ಕರ್ತವ್ಯಗಳಿವೆ. ತಾರಸಿಯ ಮಳೆಯ ಮೇಲೆ ಬಾಡಿಗೆದಾರನಿಗೊಂದು ಹಕ್ಕನ್ನು ಬರೆಯುವ ಕಲಮು ಅದರಲ್ಲಿ ಸೇರಬೇಕಾಗಿದೆ.