ಎರಡು ನದಿಗಳ ದ್ರಾಕ್ಷಿ

ದೇವದುರ್ಗದ ಬದಿಗೆ ಕೃಷ್ಣೆ, ಮಾನ್ವಿಯ ಬದಿಗೆ ತುಂಗಭದ್ರೆ. ನಡುವಿನ ನಮ್ಮ ರಾಯಚೂರು ಸೀಮೆಯಲ್ಲಿ ಹತ್ತಿ, ಭತ್ತಗಳದ್ದೇ ದರಬಾರು. ಆದರೆ ಇದೇ ನದಿಗಳ ಮೇಲ್ದಂಡೆಯಲ್ಲಿ ಕರ್ನಾಟಕದ ವೈನ್ ಹುಟ್ಟುತ್ತದೆ: ಕೃಷ್ಣಾ ಕಣಿವೆಯ ವಿಜಯಪುರ, ಬಾಗಲಕೋಟೆಗಳಲ್ಲಿ, ಪಕ್ಕದ ಕೊಪ್ಪಳ ಜಿಲ್ಲೆಯ ಗುಡ್ಡಗಳ ಕ್ರಸ್ಮಾ ದ್ರಾಕ್ಷಿತೋಟದಲ್ಲಿ. ಈ ನದಿಗಳಿಂದ ದೂರದ ನಂದಿ ಬೆಟ್ಟದ ತಪ್ಪಲಿಗಂತೂ ವೈನ್ ತಯಾರಿಸುವ ಗ್ರೋವರ್ ಸಂಸ್ಥೆ 1988ರಲ್ಲೇ ಬಂದಿತ್ತು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೇ ತಂದಿತು.

ನನ್ನ ಮೊದಲ ಮೆಚ್ಚುಗೆ ಬಳ್ಳಿ ಸಾಕುವವರಿಗೆ. ಏಪ್ರಿಲ್‌ನಲ್ಲಿ ಕಡ್ಡಿ ಬಲಿಯಲೆಂದು ಒಂದು ಚಾಟ್ನಿ (ಸವರುವಿಕೆ), ಅಕ್ಟೋಬರ್ ಹೊತ್ತಿಗೆ ಹಣ್ಣಿಗೆಂದು ಇನ್ನೊಂದು. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು. ಯುರೋಪಿನಲ್ಲಿ ಚಳಿಗೆ ಬಳ್ಳಿ ತಾನೇ ಮಲಗುತ್ತದೆ. ಇಲ್ಲಿ ಕತ್ತರಿಯೇ ಅದಕ್ಕೆ ಋತು ಕಲಿಸಬೇಕು.

ಸಾವಯವದ ದಾರಿ ಇನ್ನೂ ಕಠಿಣ. ಬೂದಿರೋಗಕ್ಕೆ ಗಂಧಕ, ಬೂಜು ತುಪ್ಪಟಕ್ಕೆ ಹಿತಮಿತದ ಬೋರ್ಡೋ ದ್ರಾವಣ, ನೆಲಕ್ಕೆ ಕೊಟ್ಟಿಗೆ ಗೊಬ್ಬರ. ಆ ದ್ರಾವಣವೂ 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ದ್ರಾಕ್ಷಿತೋಟಗಳಲ್ಲೇ ಹುಟ್ಟಿದ್ದು. ಮಾಗಿದ ಹಣ್ಣಿನ ಮೇಲೆ ಬೆರಳಾಡಿಸಿದರೆ ಅಳಿಸಿಹೋಗುವ ಬಿಳಿ ಪದರ ಒಂದಿದೆ, ಅದು ಮೇಣ. ಅದಕ್ಕೆ ಕಾಡು ಯೀಸ್ಟ್ ಅಂಟಿಕೊಂಡಿರುತ್ತದೆ. ಸಾವಯವ ತಯಾರಕರಲ್ಲಿ ಹಲವರು ಹೊರಗಿನ ಯೀಸ್ಟ್ ಸೇರಿಸದೆ ತೋಟದ ಈ ಯೀಸ್ಟಿನಿಂದಲೇ ರಸ ಹುದುಗಿಸುತ್ತಾರೆ. ಕೆಂಪು ವೈನಿಗೆ ಸಿಪ್ಪೆ ರಸದಲ್ಲೇ ನೆನೆಯಬೇಕು. ಬಣ್ಣ ಬರುವುದು ಅಲ್ಲಿಂದಲೇ, ಒಗರಿನಲ್ಲೂ ಒಂದು ಪಾಲು ಅಲ್ಲಿಂದಲೇ. ಹೀಗಾಗಿ ಸಿಪ್ಪೆಯ ಮೇಲೆ ಸಿಂಪಡಿಸಿದ್ದೆಲ್ಲ ಲೆಕ್ಕಕ್ಕೆ ಬರುತ್ತದೆ.

ಬಿಸಿಲು ನಮ್ಮಲ್ಲೂ ಧಾರಾಳ, ನದಿಗಳೂ ನಮ್ಮವೇ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ರೈತರು ಕೂಡಿ ಸಾವಯವ ವೈನ್ ದ್ರಾಕ್ಷಿಗೆ ಒಂದಿಷ್ಟು ನೆಲ ಮೀಸಲಿಡಲಿ.