ಕಡಲಿಗೆ ಐದು ನಿಮಿಷ: ಬಿಣಗಾ ಮತ್ತು ‘ನಿವೃತ್ತರ ನಗರ’ದ ಖ್ಯಾತಿ

ಕಾರವಾರ ನಿವೃತ್ತರಿಗೆ ಹೇಳಿ ಮಾಡಿಸಿದ ಊರು ಎಂಬ ಮಾತು ಪ್ಲಾಟು ಮಾರುವವರ ಬಾಯಿಂದ ಹೊರಟು ಈಗ ಓದು ಬಲ್ಲವರ ಲೇಖನಗಳಲ್ಲೂ ಸಲೀಸಾಗಿ ಓಡಾಡುತ್ತಿದೆ. ಮೈಸೂರಿಗೆ ಹಿಂದಿನಿಂದ ಇದ್ದ ಪಿಂಚಣಿದಾರರ ಸ್ವರ್ಗವೆಂಬ ಬಿರುದು, ಅಲ್ಲಿ ಸೈಟು ಕೈಗೆಟುಕದಂತಾದ ಮೇಲೆ, ಕರಾವಳಿಯ ಕಡೆ ಜರುಗಿದೆ. ಈ ಖ್ಯಾತಿಯ ಬಂಡವಾಳ ಮೂರು: ಟ್ಯಾಗೋರರ ಹೆಸರು ಹೊತ್ತ ಕಡಲತೀರ, ಗೋವಾದ ನೆರೆ, ಗೋವಾಕ್ಕಿಂತ ಕಡಿಮೆ ದರ. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ರವೀಂದ್ರನಾಥರು ಬಂದುಹೋದ ಕತೆ ಎಲ್ಲರಿಗೂ ಗೊತ್ತು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ತರುಣನೊಬ್ಬನ ಮೆಚ್ಚುಗೆ ಅರವತ್ತು ದಾಟಿದವರ ವಸತಿಗೆ ಶಿಫಾರಸು ಪತ್ರವಾಗಿ ಚಲಾವಣೆಯಾಗುತ್ತಿರುವುದು ಈ ಜಾಹೀರಾತಿನ ಮೊದಲ ಚಮತ್ಕಾರ.

ಈ ಖ್ಯಾತಿಯನ್ನು ಒರೆಗೆ ಹಚ್ಚಲು ಬಿಣಗಾದಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಕಾರವಾರದ ದಕ್ಷಿಣಕ್ಕೆ, ಗುಡ್ಡ ದಾಟಿದರೆ ಸಿಗುವ ಊರು ಇದು. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದಕ್ಕೆ ಕೊಲ್ಲಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಬಲ್ಲಾರಪುರ ಇಂಡಸ್ಟ್ರೀಸ್ ಕಟ್ಟಿ, ಸೋಲಾರಿಸ್ ಕೆಮ್‌ಟೆಕ್ ಮತ್ತು ಆದಿತ್ಯ ಬಿರ್ಲಾ ಕೈದಾಟಿ ಈಗ ಗ್ರಾಸಿಂ ಹೆಸರಿನಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆ ಇಲ್ಲಿಯೇ ಇದೆ. ಪಕ್ಕದ ಅರಗಾದಿಂದ ನೌಕಾನೆಲೆಯ ಪಾಗಾರ ಶುರುವಾಗುತ್ತದೆ. ಗುಡ್ಡ, ಕಡಲು, ಕಾರ್ಖಾನೆ, ಪಾಗಾರ ನಾಲ್ಕನ್ನೂ ಕಳೆದರೆ ಮನೆ ಕಟ್ಟಲು ಉಳಿಯುವ ನೆಲ ಎಷ್ಟೆಂದು ಹೆದ್ದಾರಿಯಲ್ಲಿ ನಿಂತೇ ಅಂದಾಜು ಮಾಡಬಹುದು. ದರ ಏರಿದ್ದಕ್ಕೆ ಕಡಲಗಾಳಿಯನ್ನು ಕಾರಣವಾಗಿ ಕೊಡುವವರು ಈ ಕಳೆಯುವ ಲೆಕ್ಕವನ್ನು ಮಾಡಿದಂತಿಲ್ಲ.

ಕಾರವಾರ–ಅಂಕೋಲಾ ಪಟ್ಟಿಯಲ್ಲಿ ಮನೆ ಮಾರುಕಟ್ಟೆಯನ್ನು ಹುಟ್ಟಿಸಿದ್ದು ನಿವೃತ್ತರ ಆಸೆಗಿಂತ ಹೆಚ್ಚಾಗಿ ಸರ್ಕಾರದ ಭೂಸ್ವಾಧೀನ. ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರ ಅಕ್ಟೋಬರಿನಲ್ಲಿ. ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಕಾರವಾರ, ಅಂಕೋಲಾ ತಾಲೂಕುಗಳ ಸುಮಾರು 11 ಸಾವಿರ ಎಕರೆ ಯೋಜನೆಗೆ ಹೋಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಅಡಿಗಲ್ಲಿಗೂ ಕಾರ್ಯಾರಂಭಕ್ಕೂ ನಡುವೆ ಬಿದ್ದ ಸುಮಾರು ಹತ್ತೊಂಬತ್ತು ವರ್ಷಗಳ ಅಂತರವೇ ಇಲ್ಲಿ ಮುಖ್ಯ. ನೋಟಿಫಿಕೇಶನ್ ಬಿದ್ದ ಜಾಗವನ್ನು ಕೊಳ್ಳುವವರಿಲ್ಲ, ಬ್ಯಾಂಕಿನವರು ಅದರ ಮೇಲೆ ಸಾಲ ಕೊಡುವುದಿಲ್ಲ. ನಾಳೆ ಬಿಟ್ಟುಹೋಗಬೇಕಾದ ಮನೆಗೆ ಹಂಚು ಬದಲಿಸುವುದಕ್ಕೂ ಯಜಮಾನನ ಕೈ ಬಾರದು. 1974ರ ಭೂಸುಧಾರಣೆಯಿಂದ ಗೇಣಿ ಗದ್ದೆಗೆ ಒಡೆಯರಾದ ಹಾಲಕ್ಕಿ, ಕೋಮಾರಪಂತ, ನಾಮಧಾರಿ ಕುಟುಂಬಗಳಲ್ಲಿ ಹಲವರಿಗೆ ಆ ಒಡೆತನ ಕೈಯಲ್ಲಿ ಗಟ್ಟಿಯಾಗಿ ಉಳಿದದ್ದು ಒಂದು ತಲೆಮಾರಿಗೂ ಕಡಿಮೆ ಅವಧಿ. ಪರಿಹಾರದ ತಕರಾರುಗಳು ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದವು.

ತೋಡೂರು, ಮುದಗಾ, ಹಾರವಾಡಗಳಲ್ಲಿ ನಿರಾಶ್ರಿತರ ಪುನರ್ವಸತಿಯ ಸೀಬರ್ಡ್ ಕಾಲೊನಿಗಳು ಹುಟ್ಟಿದ್ದು ಹೀಗೆ. ಈ ಪಟ್ಟಿಯ ವಸತಿ ಬೆಳವಣಿಗೆಯ ಬಗ್ಗೆ ಬರೆಯುವವರು ಅಪಾರ್ಟ್‌ಮೆಂಟುಗಳನ್ನು ಲೆಕ್ಕ ಹಾಕುತ್ತಾರೆ, ಕಾಲೊನಿಗಳನ್ನು ಬಿಡುತ್ತಾರೆ. ಇಲ್ಲಿ ಅತಿ ಹೆಚ್ಚು ಜನ, ಅತಿ ಕಡಿಮೆ ನೆರವಿನಲ್ಲಿ, ಅತಿ ಹೆಚ್ಚು ವರ್ಷ ತೆಗೆದುಕೊಂಡು ಮನೆ ಕಟ್ಟಿದ್ದು ಕಾಲೊನಿಗಳಲ್ಲೇ. ಪರಿಹಾರದ ಹಣ ಕಂತು ಕಂತಾಗಿ ಬಂದಂತೆ ಮನೆಯೂ ಕಂತು ಕಂತಾಗಿ ಎದ್ದಿತು: ಮೊದಲು ಚಿರೆಕಲ್ಲಿನ ಎರಡು ಕೋಣೆ, ನ್ಯಾಯಾಲಯದ ಹಣ ಬಂದ ಮೇಲೆ ಸ್ಲ್ಯಾಬು, ಮಗನಿಗೆ ಮದುವೆಯಾದ ಮೇಲೆ ಮೇಲಂತಸ್ತು. ಮೆಟ್ಟಿಲನ್ನು ಹೊರಗಿನಿಂದ ಹಾಕುವುದು ಇಂಥ ಮನೆಯ ಗುರುತು, ಯಾಕೆಂದರೆ ಮೇಲಂತಸ್ತು ಬಾಡಿಗೆಗೆ. ಎದುರಿನ ಕೋಣೆಗೆ ಶಟರ್ ಹಾಕಿದರೆ ಅಂಗಡಿ. ನೌಕಾನೆಲೆಯ ಕಂತ್ರಾಟಿಗೆ ಬಂದ ಎಂಜಿನಿಯರು, ಮೇಲ್ವಿಚಾರಕರಿಗೆ ಬಾಡಿಗೆ ಮನೆ ಒದಗಿಸಿದವರಲ್ಲಿ ಅದೇ ನೌಕಾನೆಲೆ ಎಬ್ಬಿಸಿದ ಕುಟುಂಬಗಳೂ ಇದ್ದಾವೆ. ಈ ಸಂಗತಿ ಯಾವ ಮಾರುಕಟ್ಟೆ ವರದಿಗೂ ಇನ್ನೂ ಕಂಡಿಲ್ಲ.

ಇನ್ನು ಪ್ಲಾಟು ಮಾರಾಟದ ಕೈಪಿಡಿಗಳಿಗೆ ಬರಬೇಕು. ಇವುಗಳ ಒಂದು ತಂತ್ರ ಮಾತ್ರ ನಿಧಾನವಾಗಿ ನೋಡಲು ಯೋಗ್ಯ: ದೂರವನ್ನು ನಿಮಿಷದಲ್ಲಿ ಅಳೆಯುವುದು. ಕಡಲಿಗೆ ಐದು ನಿಮಿಷ, ರೈಲು ನಿಲ್ದಾಣಕ್ಕೆ ಹದಿನೈದು, ಆಸ್ಪತ್ರೆಗೆ ಹತ್ತು, ಗೋವಾ ಗಡಿಗೆ ಅರ್ಧ ಗಂಟೆ ಎಂಬ ಧಾಟಿ ಎಲ್ಲ ಕೈಪಿಡಿಗಳಿಗೂ ಒಂದೇ. ಕಿಲೋಮೀಟರನ್ನು ಯಾರಾದರೂ ಅಳೆದು ಜಗಳಕ್ಕೆ ಬರಬಹುದು, ನಿಮಿಷದ ಮೇಲೆ ಜಗಳ ಕಷ್ಟ. ಆ ನಿಮಿಷ ಯಾರದು ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ಅದು ಸ್ವಂತ ಕಾರು ಇರುವವನದು, ಹಗಲಿನದು, ಬೇಸಿಗೆಯದು, ಸ್ಟಿಯರಿಂಗ್ ಹಿಡಿಯುವ ಕಣ್ಣು ಮಂಡಿ ಎರಡೂ ನೆಟ್ಟಗಿರುವವನದು. ಕೊಳ್ಳುವ ದಿನ ಐವತ್ತೆಂಟು ವರ್ಷದ ಗುಮಾಸ್ತನಿಗೆ ಈ ಅಳತೆ ಸರಿಹೋಗುತ್ತದೆ. ಅವನೇ ಎಪ್ಪತ್ತೆಂಟಕ್ಕೆ ಬಂದಾಗ ಐದು ನಿಮಿಷದ ಕಡಲು ಹೆದ್ದಾರಿಯ ಆಚೆ ಬದಿಗಿರುತ್ತದೆ, ಚತುಷ್ಪಥ ದಾಟಬೇಕು. ನಿವೃತ್ತರಿಗಾಗಿ ಎಂದು ಹೇಳಿಕೊಳ್ಳುವ ಅಳತೆಯೊಂದು ಮುಪ್ಪನ್ನೇ ಲೆಕ್ಕಕ್ಕೆ ಹಿಡಿಯದಿದ್ದರೆ ಅದನ್ನು ಅವಸರದ ತಪ್ಪು ಎಂದು ಬಿಡಲಾಗದು. ಇಡೀ ಬರವಣಿಗೆ ನಿಂತಿರುವುದೇ ಅದರ ಮೇಲೆ.

ನಿಮಿಷಕ್ಕೆ ಮಳೆಗಾಲವೂ ಇಲ್ಲ. ಕಾರವಾರದಿಂದ ಬಿಣಗಾಕ್ಕೆ ಗುಡ್ಡ ಕೊರೆದು ಮಾಡಿದ ಜೋಡಿ ಸುರಂಗ ಪ್ರಯಾಣವನ್ನು ನಿಜವಾಗಿಯೂ ಮೊಟಕುಗೊಳಿಸಿತು. 2023ರ ಜುಲೈಯಲ್ಲಿ ಒಳಗೆ ನೀರು ಸೋರಿ ಜಿಲ್ಲಾಡಳಿತ ಸಂಚಾರ ನಿಲ್ಲಿಸಿದಾಗ ವಾಹನಗಳೆಲ್ಲ ಮತ್ತೆ ಹಳೆ ಘಟ್ಟದ ದಾರಿ ಹಿಡಿದವು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ದಕ್ಷಿಣದ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕೋಡಿಬಾಗ ಮತ್ತು ಸದಾಶಿವಗಡ ನಡುವಿನ ಕಾಳಿ ನದಿಯ ಹಳೆ ಸೇತುವೆ ಲಾರಿಯೊಂದರ ಸಮೇತ ಕುಸಿದುಬಿತ್ತು. ಒಂದೇ ಮಳೆಗಾಲದಲ್ಲಿ ದಕ್ಷಿಣದ ದಾರಿಯೂ ಉತ್ತರದ ದಾರಿಯೂ ಹೀಗಾದ ಊರಿನಲ್ಲಿ ಅರ್ಧ ಗಂಟೆ ಎಂದು ಅಚ್ಚು ಹಾಕಿಸುವುದಕ್ಕೆ ಧೈರ್ಯ ಬೇಕು.

ಆಸ್ಪತ್ರೆಯ ನಿಮಿಷ ಎಲ್ಲಕ್ಕಿಂತ ಜಾಣತನದ್ದು. ಕೈಪಿಡಿ ಅಳೆಯುವುದು ಹತ್ತಿರದ ಆಸ್ಪತ್ರೆಗೆ. ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದದ್ದು 2016ರಲ್ಲಿ, ಅದರಿಂದ ಆದ ಅನುಕೂಲ ಕಡಿಮೆಯದಲ್ಲ. ಆದರೆ ಹೃದಯಕ್ಕೋ ಮಿದುಳಿಗೋ ಸಂಬಂಧಿಸಿದ ಗಂಭೀರ ಕಾಯಿಲೆ ಬಂದರೆ ಈ ಜಿಲ್ಲೆಯವರು ಹೊರಡುವುದು ಗೋವಾದ ಬಾಂಬೋಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ, ಇಲ್ಲವೇ ಹುಬ್ಬಳ್ಳಿಗೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತಾಗ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಇಡೀ ಉತ್ತರ ಕನ್ನಡದಿಂದ ಎದ್ದಿತು. ಆ ಕೂಗು ಕೇಳಿಸಿದ ಮೇಲೂ ನಿವೃತ್ತರ ನಗರವೆಂಬ ಮಾತನ್ನು ವಿಶೇಷಣವಿಲ್ಲದೆ ಬಳಸುವುದು ಲೇಖನ ಬರೆಯುವವರಿಗೆ ತರವಲ್ಲ.

ಕೈಪಿಡಿಯ ಪಕ್ಕದಲ್ಲಿ ಕ್ರಯಪತ್ರವನ್ನು ಇಟ್ಟು ಓದಿದರೆ ಇನ್ನೊಂದು ಸ್ವಾರಸ್ಯ ಸಿಗುತ್ತದೆ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಕಡಲಿಲ್ಲ, ಗಾಳಿಯಿಲ್ಲ. ಪೂರ್ವಕ್ಕೆ ಇಂಥ ಸರ್ವೆ ನಂಬರು, ಪಶ್ಚಿಮಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ಹಳ್ಳ, ಉತ್ತರಕ್ಕೆ ದಾರಿ. ಸರಿಯಾಗಿ ಓದಬೇಕಾದ್ದು ಆ ಹಳ್ಳವನ್ನು. ಇಲ್ಲಿ ಗದ್ದೆ ಪ್ಲಾಟಾಗುವ ಕ್ರಮ ಎಲ್ಲ ಕಡೆಯಂತೆಯೇ: ಕೃಷಿಯೇತರಕ್ಕೆ ಪರಿವರ್ತನೆ, ನಕ್ಷೆಗೆ ಒಪ್ಪಿಗೆ, ಗುಡ್ಡ ಕಡಿದ ಕೆಂಪು ಮಣ್ಣು ತಂದು ಹೆದ್ದಾರಿಯ ಮಟ್ಟಕ್ಕೆ ಎತ್ತರಿಸುವುದು, ಸುತ್ತ ಚಿರೆಕಲ್ಲಿನ ಪಾಗಾರ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಗದ್ದೆ ಎಂದರೆ ಗುಡ್ಡದ ನೀರು ಕಡಲಿಗೆ ಇಳಿಯುವ ಮೊದಲು ನಿಂತು ಹೋಗುವ ತಾಣ. ಅದನ್ನು ತುಂಬಿದವನ ಅಂಗಳ ಒಣಗಿರುತ್ತದೆ, ಪಕ್ಕದ ಹಳೆ ಮನೆಯ ಜಗಲಿಗೆ ನೀರು ಏರುತ್ತದೆ. ಅರಗಾ, ಚೆಂಡಿಯಾ ಭಾಗದಲ್ಲಿ ಮಳೆಗಾಲದಲ್ಲಿ ಹೆದ್ದಾರಿಯ ಮೇಲೂ ಮನೆಗಳೊಳಗೂ ನೀರು ನಿಂತಾಗ ಊರವರು ಬೊಟ್ಟು ಮಾಡುವುದು ಹಳ್ಳದ ದಾರಿ ಕಟ್ಟಿದ ಗೋಡೆಗಳ ಕಡೆಗೆ. ಗುಡ್ಡದ ಬದಿಯೂ ನೆಮ್ಮದಿಯದಲ್ಲ: 2009ರ ಅಕ್ಟೋಬರ್ 2ರಂದು ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದು 19 ಜನ ಮಣ್ಣುಪಾಲಾದರು. ಹೆಚ್ಚಿನ ದರಕ್ಕೆ ಮಾರುವ ಎತ್ತರದ ನೋಟ ಮತ್ತು ಕಡಿಮೆ ದರದ ತಗ್ಗು ಗದ್ದೆ ಎರಡರ ನಡುವೆ ಭದ್ರವಾದ ನೆಲ ಇಲ್ಲಿ ಇರುವುದು ಕಿರಿದಾದ ಪಟ್ಟಿಯಷ್ಟೇ, ಅದರಲ್ಲಿ ಹಳಬರು ಮೊದಲೇ ಮನೆ ಕಟ್ಟಿಕೊಂಡಿದ್ದಾರೆ.

ಈ ವಿಷಯದಲ್ಲಿ ಬರೆಯುವವರಲ್ಲಿ ಎರಡು ಪಂಗಡ. ಮೊದಲ ಪಂಗಡಕ್ಕೆ ಕಾರವಾರ ಮಂಗಳೂರಾಗದೆ ಉಳಿದದ್ದು ದುಃಖ. ನೌಕಾಪಡೆ ನೆಲ ನುಂಗಿತು, ಸಿಆರ್‌ಝಡ್ ಕಡಲಂಚು ನುಂಗಿತು, ಪರಿಸರದವರು ಉಳಿದದ್ದಕ್ಕೆ ಅಡ್ಡಬಂದರು ಎಂಬುದು ಇವರ ದೂರು. 1991ರಿಂದ ಈಚೆಗೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ಅಧಿಸೂಚನೆಗಳು ಕಡಲಂಚಿನಲ್ಲಿ ಕಟ್ಟಡ ಏಳದಂತೆ ತಡೆದದ್ದು ನಿಜ. ಆದರೆ ಅದೇ ತಡೆಯಿಂದ ಉಳಿದ ನೋಟವನ್ನೇ ಈ ಪಂಗಡ ಮಾರಾಟಕ್ಕೆ ಇಟ್ಟಿದೆ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯಡಿ ಬಂದರಿನ ತಡೆಗೋಡೆ ಕೆಲಸ ಟ್ಯಾಗೋರ್ ತೀರದ ಕಡೆ ಬಂದಾಗ ಬೀದಿಗಿಳಿದವರು ಮೀನುಗಾರರು. ಹೈಕೋರ್ಟು ತಡೆಯಾಜ್ಞೆ ಕೊಟ್ಟಿತು. ಕೈಪಿಡಿಯ ಮುಖಪುಟದಲ್ಲಿ ಅಚ್ಚಾಗುವ ಮರಳು ಖಾರ್ವಿ, ಹರಿಕಂತ್ರ ಮೀನುಗಾರರ ಆ ಹೋರಾಟದ ಋಣದಲ್ಲಿದೆ.

ಎರಡನೆಯ ಪಂಗಡದವರು ಸಾಹಿತ್ಯದ ಕಡೆಯವರು, ಇವರ ತಪ್ಪು ಇನ್ನೂ ಸೂಕ್ಷ್ಮ. ಇವರಿಗೆ ಹಳೆ ಕಾರವಾರ ಹಂಚಿನ ಮನೆ, ತೆಂಗು, ತುಳಸಿಕಟ್ಟೆಗಳ ಊರು. ಫ್ಲ್ಯಾಟು ಬಂದದ್ದೇ ಕೇಡು. ಆದರೆ ಗೇಣಿದಾರ ರೈತರ ಪರವಾಗಿ ಕವಿ ದಿನಕರ ದೇಸಾಯಿ ಹೋರಾಡಿದ್ದು ಇದೇ ಪಟ್ಟಿಯಲ್ಲಿ. ಆ ತುಳಸಿಕಟ್ಟೆಯ ಹಿಂದೆ ಒಡೆಯರ ಜಮೀನಿನಲ್ಲಿ ಬಿಡಾರ ಹಾಕಿಕೊಂಡವರ ವಸತಿ ಹೇಗಿತ್ತೆಂದು ಕೇಳುವ ಗೋಜಿಗೆ ಇವರು ಹೋಗುವುದಿಲ್ಲ. ನಿರಾಶ್ರಿತರ ಬಗ್ಗೆ ಕಣ್ಣೀರಿಟ್ಟು ಬರೆಯುವ ಇವರು ಕಾಲೊನಿಯ ಸ್ಲ್ಯಾಬು ಮನೆಯನ್ನು ಕಂಡರೆ ಕುರೂಪವೆಂದು ಮುಖ ತಿರುಗಿಸುತ್ತಾರೆ. ಎದ್ದುಬಂದವರು ಬಡವರಾಗಿಯೇ, ಹಂಚಿನಡಿಯೇ ಉಳಿದಿದ್ದರೆ ಇವರ ಗದ್ಯಕ್ಕೆ ಅನುಕೂಲವಾಗುತ್ತಿತ್ತು. ಮೇಲಂತಸ್ತಿನ ಬಾಡಿಗೆಯಿಂದ ಮಗಳನ್ನು ನರ್ಸಿಂಗ್ ಓದಿಸಿದ ತಾಯಿ ಇವರ ಕರುಣೆಯ ಚೌಕಟ್ಟಿಗೆ ಹೊಂದುವುದಿಲ್ಲ. ಮೊದಲ ಪಂಗಡ ಈ ಕಾಲೊನಿಗಳನ್ನು ಮಾರುಕಟ್ಟೆಯಾಗಿ ಕಾಣುವುದಿಲ್ಲ, ಎರಡನೆಯದು ಕಟ್ಟಡವಾಗಿ ಕಾಣುವುದಿಲ್ಲ, ಪರಿಣಾಮ ಒಂದೇ.

ನ್ಯಾಯವಾಗಿ ಹೇಳಬೇಕೆಂದರೆ ಕಾರವಾರಕ್ಕೆ ನಿವೃತ್ತರು ಬರುತ್ತಿರುವುದು ಸುಳ್ಳಲ್ಲ. 1862ರಿಂದ 1956ರವರೆಗೆ ಮುಂಬಯಿ ಪ್ರಾಂತದಲ್ಲಿದ್ದ ಜಿಲ್ಲೆಯಿದು. ಮುಂಬಯಿಗೆ ದುಡಿಯಲು ಹೋದ ಮನೆತನಗಳು ಅಲ್ಲಿನ ಖೋಲಿ ಮಾರಿ ಊರಿಗೆ ಮರಳುವುದು ಹಳೆಯ ರೂಢಿ, 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಅದು ಸುಲಭವೂ ಆಯಿತು. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ದುಡಿದು ನಿವೃತ್ತರಾದವರಿಗೂ ಕಾರವಾರ ಪರಿಚಿತ ಊರು. ಇವರಿಗೆ ಬಂಧುಗಳಿದ್ದಾರೆ, ಮೀನಿನ ಅಂಗಡಿಯವಳ ಗುರುತಿದೆ, ಇಂಥವರ ಪಾಲಿಗೆ ಊರು ಯೋಗ್ಯವೇ. 500 ಚದರ ಮೀಟರ್ ಮೀರಿದ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಣಿಯಾಗಬೇಕೆಂಬ ನಿಯಮದಿಂದ ಕೊಳ್ಳುವವರಿಗೆ ಒಂದಿಷ್ಟು ರಕ್ಷಣೆಯೂ ಇದೆ. ತೊಂದರೆ ಇರುವುದು ನಂಟಿಲ್ಲದೆ, ಕೈಪಿಡಿ ನಂಬಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದು ಕೊಳ್ಳುವವರಿಗೆ. ಕೈಪಿಡಿ ಬರೆದಿರುವುದು ಅವರಿಗಾಗಿಯೇ.

ಬಾಡಿಗೆಯ ಬಲವೂ ಶಾಶ್ವತವೆಂದು ತಿಳಿಯುವಂತಿಲ್ಲ. ನೌಕಾಪಡೆ ತನ್ನವರಿಗೆ ತಾನೇ ಮನೆ ಕಟ್ಟುತ್ತಿದೆ: 2024ರ ಮಾರ್ಚ್ 5ರಂದು ಉದ್ಘಾಟನೆಯಾದ ಏಳು ವಸತಿ ಗೋಪುರಗಳಲ್ಲಿ 320 ಮನೆಗಳಿವೆ, ಒಂಟಿ ಅಧಿಕಾರಿಗಳಿಗೆ 149 ವಸತಿಗಳು ಬೇರೆ. ಈ ಗೋಪುರಗಳು ತುಂಬಿದಂತೆ, ಕಂತ್ರಾಟು ಮುಗಿದಂತೆ, ಹೊರಗಿನ ಮೆಟ್ಟಿಲ ಮೇಲಿನ ಮನೆಗಳು ಖಾಲಿ ಬೀಳುವ ಸಾಧ್ಯತೆಯಿದೆ. ಅದೇ ಹೊತ್ತಿಗೆ ಅಂಕೋಲಾ ಬದಿಯಲ್ಲಿ, ದಿನಕರ ದೇಸಾಯಿಯವರ ಊರಾದ ಅಲಗೇರಿಯಲ್ಲಿ, ನೌಕಾ ವಿಮಾನನಿಲ್ದಾಣದ ಜೊತೆ ನಾಗರಿಕ ವಿಮಾನ ಸೌಲಭ್ಯಕ್ಕಾಗಿ ಮತ್ತೆ ಭೂಸ್ವಾಧೀನ ನಡೆದಿದೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರಕ್ಕೆ ಆಧಾರ ಮಾರ್ಗಸೂಚಿ ದರ ಅಥವಾ ಸುತ್ತಲಿನ ನೋಂದಾಯಿತ ಕ್ರಯಪತ್ರಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟರ ಸರಾಸರಿ, ಎರಡರಲ್ಲಿ ಹೆಚ್ಚಿನದು. ಮುದ್ರಾಂಕ ಶುಲ್ಕ ಉಳಿಸಲು ಅರ್ಧ ಹಣವನ್ನು ಕಾಗದದಲ್ಲಿ ತೋರಿಸದೆ ಕೈಯಿಂದ ಕೈಗೆ ಕೊಟ್ಟು ಮುಗಿಸಿದ ಪ್ರತಿ ಮಾರಾಟವೂ ಆ ಸರಾಸರಿಯನ್ನು ತಗ್ಗಿಸಬಹುದು. ಅದರ ನಷ್ಟ ತಟ್ಟುವುದು ಮಾರಾಟಕ್ಕೆ ಇಳಿಯದೆ ಗದ್ದೆ ಉಳುತ್ತಾ ಕೂತವರಿಗೆ.